ಹಳೆಯದೆಲ್ಲ ಹೋಯಿತು ಅಂದ ಮೇಲೆ ಹಳೆಯ ಬಾಕಿ ಏನಾಗುತ್ತದೆ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಕೂಲಿಯವರ ತೂಕ, ಲೆಕ್ಕ ಬರೆಯುವವನು. ಎರಡು ವರ್ಷದ ಹಿಂದೆ ಯೇಸುವನ್ನು ನಂಬಿ ದೀಕ್ಷಾಸ್ನಾನ ತಗೊಂಡೆ. ಕುಡಿತ ಬಿಟ್ಟೆ, ನಡುವೆ ಎರಡು ಸಲ ಜಾರಿದೆ. ಸಿಟ್ಟು ಮಾತ್ರ ಹಾಗೇ ಇದೆ. ಮೊದಲು ಹಣ್ಣು ಬಿಡಿಸುವ ಹೆಂಗಸರ ತೂಕದಲ್ಲಿ 2-3 ಕೆ.ಜಿ. ಕಡಿಮೆ ಬರೆಯುತ್ತಿದ್ದೆ. ಆ ತೂಕವನ್ನು ಕೆಲಸಕ್ಕೆ ಬರದೇ ಇದ್ದ ಒಬ್ಬಳ ಹೆಸರಿಗೆ ಹಾಕಿ, ಬಟವಾಡೆ ದಿನ ದುಡ್ಡು ನಾನೇ ತಗೊಳ್ಳುತ್ತಿದ್ದೆ. ಈಗ ಮಾಡುತ್ತಿಲ್ಲ. ಆದರೆ ಕೂಲಿಯವರ ಸಾಲುಮನೆಯ (ಲೈನ್ ಮನೆ) ಒಬ್ಬ ಹೆಂಗಸು ಇವತ್ತಿಗೂ ನನ್ನ ಮುಖ ನೋಡುವುದಿಲ್ಲ. ಪ್ರಾರ್ಥನಾ ಕೂಟದ ಗೆಳೆಯರು, ‘ನೀನು ನೂತನ ಸೃಷ್ಟಿ, ಹಳೆಯದೆಲ್ಲ ಹೋಯಿತು, ಅದನ್ನು ಕೆದಕಬೇಡ’ ಅನ್ನುತ್ತಾರೆ. ಮುಂದಿನ ಕೂಟದಲ್ಲಿ ಸಾಕ್ಷಿ ಹೇಳಲು, ಅಂದರೆ ಯೇಸು ನನ್ನನ್ನು ಹೇಗೆ ಬದಲಿಸಿದ ಅಂತ ಎಲ್ಲರ ಮುಂದೆ ಹೇಳಲು, ನನ್ನನ್ನೇ ಕೇಳಿದ್ದಾರೆ. ನನ್ನವ್ವ ‘ನನ್ನ ಮಗ ನನಗಿಲ್ಲ’ ಅಂತ ಅಳುತ್ತಾಳೆ. ತಂಗಿಯ ಹೊಸ ಮನೆ ಒಕ್ಕಲಿಗೆ ಹೋಗಬೇಕೋ ಬೇಡವೋ ಗೊತ್ತಿಲ್ಲ. ಹೆಸರು ಬೇರೆ ಬದಲಿಸಿಕೊ ಅನ್ನುತ್ತಿದ್ದಾರೆ. ನಾನು ನಿಜವಾಗಿ ನೂತನ ಸೃಷ್ಟಿ ಆಗಿದ್ದೇನಾ ಸರ್?

ಉತ್ತರ:

ಸಿಟ್ಟು ಹೋಗಿಲ್ಲ, ಎರಡು ಸಲ ಜಾರಿದೆ ಅನ್ನುವ ಕಾರಣಕ್ಕೆ ನೀವು ನೂತನ ಸೃಷ್ಟಿ ಆಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಆದರೆ ಹಳೆಯದನ್ನು ಕೆದಕಬೇಡ ಅಂದರಲ್ಲ ನಿಮ್ಮ ಗೆಳೆಯರು, ಅದು ತಪ್ಪು. ಪ್ರೀತಿಯಿಂದಲೇ ಹೇಳಿರಬಹುದು, ಆದರೂ ತಪ್ಪು. ಆ ತೂಕದ ದುಡ್ಡನ್ನು ನೀವು ವಾಪಸ್ ಕೊಡಬೇಕು. ನೂತನ ಸೃಷ್ಟಿ ಆಗಿರುವುದರಿಂದಲೇ ಕೊಡಬೇಕು.

ಯಾಕೆ ಅಂತ ಹೇಳಬೇಕಾದರೆ ಆ ವಾಕ್ಯ ಇರುವ ಜಾಗಕ್ಕೇ ಹೋಗಬೇಕು. ಯೇಸುವಿನ ಸುವಾರ್ತೆಯನ್ನು ಊರೂರಿಗೆ ಸಾರಿದ ಪೌಲ, ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಎರಡನೇ ಪತ್ರ, 5ನೇ ಅಧ್ಯಾಯ, 17ನೇ ವಚನ. ಯಾರಾದರೂ ಕ್ರಿಸ್ತನಲ್ಲಿದ್ದರೆ ಅಲ್ಲಿ ನೂತನ ಸೃಷ್ಟಿ ಇದೆ, ಹಳೆಯದು ಹೋಯಿತು, ಹೊಸದು ಬಂತು. ನಮ್ಮ ಕಡೆ ಎಷ್ಟೋ ಮನೆಯ ಗೋಡೆ ಮೇಲೆ, ಕ್ಯಾಲೆಂಡರಿನಲ್ಲಿ ಈ ವಚನ ಒಂದೇ ಇರುತ್ತದೆ. ಹಿಂದಿನ ವಚನವೂ ಇರುವುದಿಲ್ಲ, ಮುಂದಿನದೂ ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಆ ಪತ್ರ ಬರೆದದ್ದು ಸುಮಾರು ಕ್ರಿ.ಶ. 55-56ರಲ್ಲಿ. ಅದಕ್ಕೂ ನಾಲ್ಕೈದು ವರ್ಷ ಮೊದಲು ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ, ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡು ಬೋಧನೆ ಮಾಡಿದ. ಹಳೆಯ ಕೊರಿಂಥವನ್ನು ರೋಮಿನವರು ಕ್ರಿ.ಪೂ. 146ರಲ್ಲಿ ನಾಶ ಮಾಡಿದ್ದರು. ಜೂಲಿಯಸ್ ಸೀಸರ್ ಕ್ರಿ.ಪೂ. 44ರಲ್ಲಿ ಮತ್ತೆ ಊರು ಕಟ್ಟಿಸಿ ಜನರನ್ನು ತಂದು ಕೂರಿಸಿದ. ಅವರಲ್ಲಿ ಬಿಡುಗಡೆಯಾದ ಗುಲಾಮರು ಜಾಸ್ತಿ. ವ್ಯಾಪಾರದ ಊರು, ದುಡ್ಡು ಮಾಡಿ ಮೇಲೆ ಬಂದವರ ಊರು. ಯಾರ ಮಾತಿಗೆ ತೂಕ, ಯಾರ ಬಟ್ಟೆಗೆ ಬೆಲೆ, ಯಾರು ಯಾರ ಕಡೆಯವರು ಅನ್ನುವುದೇ ಅಲ್ಲಿ ದೊಡ್ಡ ವಿಷಯ. ಈ ಜನ ಪೌಲನನ್ನೂ ಹಾಗೇ ಅಳೆದರು. ಪತ್ರ ಬರೆದರೆ ಜೋರು, ಎದುರಿಗೆ ಬಂದರೆ ಸಪ್ಪೆ, ಮಾತೂ ಬರುವುದಿಲ್ಲ ಅಂತ ಆಡಿಕೊಂಡರು. ಅದೇ ಪತ್ರದ 10ನೇ ಅಧ್ಯಾಯದಲ್ಲಿ ಪೌಲನೇ ಇದನ್ನು ಬರೆದಿದ್ದಾನೆ.

ಇದಕ್ಕೆ ಉತ್ತರ ಕೊಡುತ್ತಲೇ ಅವನು ನೂತನ ಸೃಷ್ಟಿಯ ಮಾತಿಗೆ ಬರುತ್ತಾನೆ. 15ನೇ ವಚನದಲ್ಲಿ, ಕ್ರಿಸ್ತನು ಎಲ್ಲರಿಗೋಸ್ಕರ ಸತ್ತದ್ದು ಬದುಕುವವರು ಇನ್ನು ಮೇಲೆ ತಮಗೋಸ್ಕರ ಬದುಕದೆ ಆತನಿಗೋಸ್ಕರ ಬದುಕಲಿ ಅಂತ. 16ರಲ್ಲಿ, ಆದ್ದರಿಂದ ನಾವು ಯಾರನ್ನೂ ಇನ್ನು ಮೇಲೆ ಲೋಕದ ಕಣ್ಣಿನಿಂದ ನೋಡುವುದಿಲ್ಲ ಅಂತ. ಆಮೇಲೆ 17. ಅದಾದ ತಕ್ಷಣ 18ರಲ್ಲಿ, ದೇವರು ಕ್ರಿಸ್ತನ ಮೂಲಕ ನಮ್ಮನ್ನು ತನ್ನೊಂದಿಗೆ ರಾಜಿ ಮಾಡಿಕೊಂಡು, ಆ ರಾಜಿ ಮಾಡಿಸುವ ಕೆಲಸವನ್ನು ನಮಗೂ ಕೊಟ್ಟ ಅಂತ. ಹಿಂದೆ ನೋಡಿದರೆ ಜನರನ್ನು ನೋಡುವ ಕಣ್ಣಿನ ಮಾತು, ಮುಂದೆ ನೋಡಿದರೆ ಮುರಿದ ಸಂಬಂಧ ಸರಿ ಮಾಡುವ ಮಾತು. ನಡುವೆ ನೂತನ ಸೃಷ್ಟಿ. ಅಲ್ಲಿಗೆ ಇದು ನಿಮ್ಮೊಳಗೆ ಏನನ್ನಿಸುತ್ತಿದೆ, ಪ್ರಾರ್ಥನೆಯಲ್ಲಿ ಎಷ್ಟು ಕಣ್ಣೀರು ಬಂತು ಅನ್ನುವ ವಿಷಯ ಅಷ್ಟೇ ಅಲ್ಲ. ನಿಮ್ಮ ತಕ್ಕಡಿಯ ಮುಂದೆ ಚೀಲ ಇಳಿಸುವ ಹೆಂಗಸನ್ನು ನೀವು ಯಾರು ಅಂತ ನೋಡುತ್ತೀರಿ ಅನ್ನುವುದು ಇದರ ಒಳಗೇ ಇದೆ.

ಇನ್ನೂ ಒಂದು ಮಾತು. ಹೊಸ ಸೃಷ್ಟಿ ಅನ್ನುವ ಆಲೋಚನೆ ಪೌಲ ಹುಟ್ಟುಹಾಕಿದ್ದಲ್ಲ. ಅವನಿಗಿಂತ ಹಿಂದಿನ ಪ್ರವಾದಿ ಯೆಶಾಯನ ಪುಸ್ತಕದ 43ನೇ ಅಧ್ಯಾಯದಲ್ಲಿ, ಹಳೆಯದನ್ನು ನೆನೆಯಬೇಡಿ, ನಾನು ಹೊಸದನ್ನು ಮಾಡುತ್ತೇನೆ ಅಂತ ದೇವರು ಸೆರೆಯಲ್ಲಿದ್ದ ಜನರಿಗೆ ಹೇಳುತ್ತಾನೆ. 65ರಲ್ಲಿ ಹೊಸ ಆಕಾಶ, ಹೊಸ ಭೂಮಿ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ರಲ್ಲಿ, ಇಗೋ ಎಲ್ಲವನ್ನೂ ಹೊಸದು ಮಾಡುತ್ತೇನೆ ಅನ್ನುವ ಮಾತು. ಇಡೀ ಲೋಕವನ್ನೇ ಹೊಸದು ಮಾಡುವ ದೇವರ ಕೆಲಸ ಕ್ರಿಸ್ತನ ಪುನರುತ್ಥಾನದಲ್ಲಿ ಶುರುವಾಗಿಬಿಟ್ಟಿದೆ ಅನ್ನುವುದು ಪೌಲನ ನಂಬಿಕೆ. ಒಬ್ಬ ಮನುಷ್ಯ ಕ್ರಿಸ್ತನನ್ನು ಸೇರಿದಾಗ ಆ ಕೆಲಸದ ಒಳಗೆ ಬರುತ್ತಾನೆ. ಅವನು ಅದನ್ನು ಮಾಡಿಕೊಳ್ಳುವುದಿಲ್ಲ, ಅವನಿಗೆ ಅದು ಕೊಡಲ್ಪಡುತ್ತದೆ. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಯಾಕೆಂದರೆ ನಿಮ್ಮ ಭಯ ಇರುವುದು ಇಲ್ಲೇ. ಸಿಟ್ಟು ಬಂದ ದಿನ ನೂತನ ಸೃಷ್ಟಿ ಅಲ್ಲ, ಬಾರದ ದಿನ ಹೌದು ಅಂತ ದಿನಕ್ಕೊಂದು ಲೆಕ್ಕ ಇದ್ದಿದ್ದರೆ ಅದು ನಿಮ್ಮ ಸೃಷ್ಟಿ ಆಗುತ್ತಿತ್ತು, ದೇವರದ್ದಲ್ಲ.

ಈ ಮಾತನ್ನು ಕೇಳಿಸಿಕೊಂಡ ಕೊರಿಂಥದವರಾದರೂ ಎಂಥವರು? ಮೊದಲನೇ ಪತ್ರ ಓದಿ. ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಯೇಸುವಿನ ನೆನಪಿಗೆ ಮಾಡುವ ಕರ್ತನ ಭೋಜನಕ್ಕೆ ಕೂಡಿ ಬಂದಾಗ ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಅಮಲೇರಿರುತ್ತಿದ್ದ. ಎರಡನೇ ಪತ್ರದಲ್ಲೇ, 12ನೇ ಅಧ್ಯಾಯದ ಕೊನೆಗೆ, ನಾನು ಬಂದಾಗ ನಿಮ್ಮಲ್ಲಿ ಜಗಳ, ಹೊಟ್ಟೆಕಿಚ್ಚು, ಸಿಟ್ಟು ಕಾಣುತ್ತೇನೋ ಅಂತ ಭಯ ಅನ್ನುತ್ತಾನೆ ಪೌಲ. ಹಾಗಂತ ನೀವು ನೂತನ ಸೃಷ್ಟಿ ಅಲ್ಲ ಅಂತ ಅವನು ಎಲ್ಲೂ ಹೇಳಲಿಲ್ಲ, ಇದು ನಿಮಗೆ ಒಪ್ಪುವ ಬಾಳಲ್ಲ ಅಂದ. ತನ್ನ ಬಗ್ಗೆಯೂ ಅಷ್ಟೇ. ನಾನು ಇನ್ನೂ ಗುರಿ ಮುಟ್ಟಿಲ್ಲ, ಓಡುತ್ತಾ ಇದ್ದೇನೆ ಅಂತ ಫಿಲಿಪ್ಪಿಯವರಿಗೆ ಬರೆದ. ಕಾಫಿ ಗಿಡ ನೆಟ್ಟ ಮರುವರ್ಷವೇ ನೀವು ಫಸಲು ಕೇಳುವುದಿಲ್ಲ, ಮೂರು ನಾಲ್ಕು ವರ್ಷ ಕಾಯುತ್ತೀರಿ, ಆದರೂ ಮೊದಲ ದಿನದಿಂದ ಅದು ಕಾಫಿ ಗಿಡವೇ ಅಲ್ವಾ?

ಈ ವಿಷಯದಲ್ಲಿ ಬೇರೆ ಬೇರೆ ಕ್ರೈಸ್ತ ಸಭೆಗಳ ನಡುವೆ ಒತ್ತು ಬೇರೆ ಬೇರೆ. ಕಥೋಲಿಕರು ದೀಕ್ಷಾಸ್ನಾನದಲ್ಲೇ ಮನುಷ್ಯ ಹೊಸ ಸೃಷ್ಟಿಯಾಗುತ್ತಾನೆ ಅನ್ನುತ್ತಾರೆ. ಪೆಂತೆಕೋಸ್ತ ಸಭೆಗಳಲ್ಲಿ ತಾನೇ ಅನುಭವಿಸಿ ಹೇಳಬಲ್ಲ ಹೊಸ ಹುಟ್ಟಿಗೆ ಜಾಸ್ತಿ ಒತ್ತು. ಹಳೆಯ ಮನುಷ್ಯನನ್ನು ದಿನಾ ಪಶ್ಚಾತ್ತಾಪದಲ್ಲಿ ಮುಳುಗಿಸಬೇಕು ಅಂತ ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ 1529ರಲ್ಲೇ ಬರೆದ. ಹಾಸನದಲ್ಲಿ ರೆಡ್‌ಫರ್ನ್ ಆಸ್ಪತ್ರೆ ನಡೆಸಿದ ಮೆಥೊಡಿಸ್ಟ್ ಮಿಶನ್ನಿನವರ ಮೂಲ ಗುರು ಜಾನ್ ವೆಸ್ಲಿ, ಹೊಸ ಹುಟ್ಟು ಬಾಗಿಲು ಮಾತ್ರ, ಒಳಗೆ ಬೆಳೆಯುವುದು ಬಹಳ ಇದೆ ಅನ್ನುತ್ತಿದ್ದ. ಜಗಳ ಆಡುವವರಿಗೆ ಇದರಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮಗೆ ಬೇಕಾದ ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಂದೇ: ಕದ್ದದ್ದನ್ನು ಇಟ್ಟುಕೊಂಡು ಹೊಸಬನಾದೆ ಅನ್ನಲು ಯಾವ ಸಭೆಯೂ ಬಿಡುವುದಿಲ್ಲ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿದರೂ ಕದ್ದ ವಸ್ತು ಹಿಂದಿರುಗಿಸಬೇಕು ಅಂತ ಕಥೋಲಿಕ ಬೋಧನೆ ಬಿಡಿಸಿಯೇ ಹೇಳುತ್ತದೆ.

ಈಗ ನಿಮ್ಮ ತೂಕದ ವಿಷಯ.

ನಿಮ್ಮ ಗೆಳೆಯರು 19ನೇ ವಚನ ತೋರಿಸಬಹುದು. ದೇವರು ಜನರ ಅಪರಾಧಗಳನ್ನು ಲೆಕ್ಕಕ್ಕೆ ಹಾಕಲಿಲ್ಲ ಅಂತ ಅಲ್ಲಿದೆ. ನಿಜ. ದೇವರಿಗೆ ನೀವು ಕೊಡಬೇಕಾದ್ದನ್ನು ದೇವರು ಬಿಟ್ಟ. ಆದರೆ ಆ ಹೆಂಗಸಿನ 2 ಕೆ.ಜಿ. ಹಣ್ಣು ದೇವರದ್ದಲ್ಲ, ಅವಳದ್ದು. ಬೆಳಗಿನ ಚಳಿಯಲ್ಲಿ, ಇಬ್ಬನಿಗೆ ಒದ್ದೆಯಾದ ಗಿಡದ ಸಾಲಿನಲ್ಲಿ ನಿಂತು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಅವಳು ಬಿಡಿಸಿದ್ದು. ಸಾಯಂಕಾಲ ತೂಕದ ಸಾಲಿನಲ್ಲಿ ನಿಂತಾಗ ತಕ್ಕಡಿಯ ಮುಳ್ಳು ಅವಳಿಗೂ ಕಂಡಿರುತ್ತದೆ. ಪುಸ್ತಕದಲ್ಲಿ ನೀವು ಬರೆದದ್ದು ಅವಳಿಗೆ ಓದಲು ಬರದೇ ಇರಬಹುದು, ಆದರೆ ಬಟವಾಡೆಯಲ್ಲಿ ಕೈಗೆ ಬಂದ ದುಡ್ಡು ಎಷ್ಟು ಅಂತ ಎಣಿಸಲು ಬರುತ್ತದೆ. ಅವಳು ಮುಖ ತಿರುಗಿಸುವುದು ಸುಮ್ನೆ ಅಲ್ಲ.

ಬೈಬಲ್ ಈ ತರಹದ ಕಳ್ಳತನದ ಬಗ್ಗೆ ಸುಮ್ಮನಿಲ್ಲ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲನೇ ವಚನವೇ ಹೇಳುತ್ತದೆ. ಯಾಕೋಬನ ಪತ್ರ 5ನೇ ಅಧ್ಯಾಯದಲ್ಲಿ, ನಿಮ್ಮ ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತಿದೆ. ಜಕ್ಕಾಯನ ಕಥೆ ನಿಮಗೆ ಗೊತ್ತೇ ಇದೆ. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಮರ ಹತ್ತಿದವನು. ಯೇಸು ಅವನಿಗೆ ದುಡ್ಡು ವಾಪಸ್ ಕೊಡು ಅಂತ ಹೇಳಿದ ಮಾತು ಲೂಕನ 19ನೇ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಅಂದ, ಅಷ್ಟೇ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಅಂತ ಜಕ್ಕಾಯನೇ ಎದ್ದು ನಿಂತು ಹೇಳಿದ. ಆಮೇಲೆ ಯೇಸು, ಇವತ್ತು ಈ ಮನೆಗೆ ರಕ್ಷಣೆ ಬಂತು ಅಂದ. ಹೊಸಬನಾದವನಿಗೆ ಹಳೆಯ ಲೆಕ್ಕದ ಪುಸ್ತಕ ತೆರೆಯುವ ಧೈರ್ಯ ಬರುತ್ತದೆ, ಅದನ್ನು ಮುಚ್ಚುವ ನೆಪ ಅಲ್ಲ.

ಒನೇಸಿಮ ಅನ್ನುವ ಗುಲಾಮನ ವಿಷಯವನ್ನೂ ನೋಡಿ. ಯಜಮಾನ ಫಿಲೆಮೋನನನ್ನು ಬಿಟ್ಟು ಬಂದು ಪೌಲನ ಹತ್ತಿರ ಕ್ರೈಸ್ತನಾದವನು. ಪೌಲ ಅವನನ್ನು ವಾಪಸ್ ಕಳಿಸುವಾಗ ಕೊಟ್ಟ ಪತ್ರ 25 ವಚನದ್ದು, ಒಂದೇ ಅಧ್ಯಾಯ. ಇನ್ನು ಮೇಲೆ ಇವನು ಗುಲಾಮ ಅಲ್ಲ, ಪ್ರೀತಿಯ ತಮ್ಮ ಅಂತ ಬರೆದ. ಪೂರಾ ಹೊಸ ಸಂಬಂಧ. ಹಾಗಾದರೆ ಹಳೆಯ ಬಾಕಿ ಹೋಯಿತಾ? ಇಲ್ಲ. ಇವನು ನಿನಗೆ ಏನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ, ಇದನ್ನು ನನ್ನ ಕೈಯಾರೆ ಬರೆದಿದ್ದೇನೆ ಅಂದ ಪೌಲ. ನೂತನ ಸೃಷ್ಟಿಯ ವಚನ ಬರೆದ ಅದೇ ಪೌಲ. ನಿಮ್ಮ ಗೆಳೆಯರು ನಿಜಕ್ಕೂ ನಿಮ್ಮ ಬೆನ್ನಿಗೆ ನಿಲ್ಲಬೇಕಿದ್ದರೆ ಹೀಗೆ ನಿಲ್ಲಲಿ. ಕೆದಕಬೇಡ ಅನ್ನುವ ಬದಲು, ದುಡ್ಡು ಸಾಲದೆ ಬಂದರೆ ನಾವೂ ಸೇರಿಸುತ್ತೇವೆ ಅನ್ನಲಿ.

ಎಷ್ಟು ಕೊಡಬೇಕು ಅಂತ ನಿಮಗೆ ಗೊಂದಲ ಆಗಬೇಕಾಗಿಲ್ಲ. ಕೂಲಿಯವರ ದಿನದಿನದ ಲೆಕ್ಕದ ಪುಸ್ತಕ, ಚೆಕ್‌ರೋಲ್, ನಿಮ್ಮ ಕೈಯಲ್ಲೇ ಇದೆ. ಕೆಲಸಕ್ಕೆ ಬರದೇ ಇದ್ದವಳ ಆ ಹೆಸರಿನ ಮುಂದೆ ನೀವು ಬರೆದ ಕೆ.ಜಿ.ಗಳನ್ನು ಕೂಡಿಸಿ, ನೀವು ಕದ್ದದ್ದು ಅಷ್ಟು. ಆಯಾ ದಿನ ಯಾರ್ಯಾರು ಹಣ್ಣು ಬಿಡಿಸಿದರು ಅನ್ನುವುದು ಅದೇ ಪುಟದಲ್ಲಿ ಇರುತ್ತದೆ. ಅವರ ನಡುವೆ ಹಂಚಿ. ಒಬ್ಬರಿಗೆ ನೂರು ರೂಪಾಯಿ ಆಚೀಚೆ ಆಗುತ್ತದೆ ಅಂತ ಅನುಮಾನ ಬಂದರೆ ಜಾಸ್ತಿಯೇ ಕೊಡಿ. ಮೋಸ ಮಾಡಿ ತೆಗೆದುಕೊಂಡವನು ಅಸಲಿನ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು ಅಂತ ಬೈಬಲಿನ ಯಾಜಕಕಾಂಡ 6ರಲ್ಲಿದೆ. ಆ ಕಾನೂನಿನಲ್ಲಿ ಇನ್ನೊಂದು ಗಮನಿಸಿ: ಮೊದಲು ಕಳಕೊಂಡವನಿಗೆ ವಾಪಸ್, ಆಮೇಲೆ ದೇವರಿಗೆ ಬಲಿ. ಯೇಸು ಮತ್ತಾಯ 5ರಲ್ಲಿ ಹೇಳಿದ್ದೂ ಇದೇ ಸಾಲು. ನಿನ್ನ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ನಿನ್ನ ಸಹೋದರನೊಂದಿಗೆ ಸರಿ ಮಾಡಿಕೊಂಡು ಬಾ.

ಆ ಹೆಂಗಸಿನ ಹತ್ತಿರ ಹೋಗುವಾಗ ಒಬ್ಬರೇ ಹೋಗಬೇಡಿ, ನಿಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ. ಲೈನಿನ ಎಲ್ಲರ ಎದುರು ನಿಂತು ಭಾಷಣ ಮಾಡಬೇಡಿ. ‘ಅಕ್ಕಾ, ನಿಮ್ಮ ತೂಕ ಕಡಿಮೆ ಬರೆದು ದುಡ್ಡು ತಿಂದಿದ್ದೆ, ಇದು ಆ ದುಡ್ಡು’ ಅಂದರೆ ಸಾಕು. ಆಮೇಲೆ ಅವರು ಬೈದರೆ ಬೈಸಿಕೊಳ್ಳಿ. ದುಡ್ಡು ತಗೊಂಡು ಬಾಗಿಲು ಹಾಕಿಕೊಂಡರೆ ಎದ್ದು ಬನ್ನಿ. ‘ನಾನೀಗ ಹೊಸ ಮನುಷ್ಯ, ನನ್ನನ್ನು ಕ್ಷಮಿಸಿ’ ಅಂತ ಒತ್ತಾಯ ಮಾಡಬೇಡಿ. ನೀವು ಹೊಸಬರು ಅಂತ ಸರ್ಟಿಫಿಕೇಟು ಕೊಡುವ ಹೊರೆ ಅವರ ಮೇಲೆ ಯಾಕೆ?

ಮಾಲೀಕರಿಗೂ ಹೇಳಬೇಕು. ಅವರ ಪುಸ್ತಕದಲ್ಲಿ ಸುಳ್ಳು ಹೆಸರು ಕೂತಿದೆ, ಅವರು ನಿಮ್ಮನ್ನು ನಂಬಿ ತಕ್ಕಡಿ ಕೊಟ್ಟಿದ್ದರು. ಕೆಲಸ ಹೋಗಬಹುದು. ಇದನ್ನು ನಾನು ಹಗುರವಾಗಿ ಬರೆಯುತ್ತಿಲ್ಲ, ಎಸ್ಟೇಟಿನಲ್ಲಿ ಕೆಲಸ ಹೋದರೆ ಎಷ್ಟೋ ಸಲ ಮನೆಯೂ ಹೋಗುತ್ತದೆ, ಮಕ್ಕಳ ಸ್ಕೂಲು ತಪ್ಪುತ್ತದೆ. ಅದಕ್ಕೇ ಮೊದಲು ಹೆಂಡತಿಯ ಜೊತೆ ಕೂತು ಮಾತಾಡಿ, ನಿಮ್ಮ ಸಭಾಪಾಲಕರಿಗೆ ಪೂರಾ ವಿಷಯ ಹೇಳಿ, ಬೇಕಾದರೆ ಒಬ್ಬ ವಕೀಲರನ್ನೂ ಕೇಳಿ. ತಯಾರಿ ಮಾಡಿಕೊಳ್ಳಲು ಸ್ವಲ್ಪ ಸಮಯ ತಗೊಂಡರೆ ತಪ್ಪಿಲ್ಲ. ಆದರೆ ಆ ಸಮಯ ಮುಂದಿನ ಫಸಲಿನವರೆಗೆ ಎಳೆಯಬಾರದು.

ಸಾಕ್ಷಿ ಹೇಳುವುದನ್ನು ಈ ಸಲ ಬೇಡ ಅನ್ನಿ. ಕುಡಿತ ಬಿಟ್ಟ ಕಥೆ ಹೇಳಿ, ತೂಕದ ಕಥೆ ಮುಚ್ಚಿಟ್ಟು, ಕೆಳಗೆ ಕೂತವರಲ್ಲಿ ನಿಮ್ಮ ಎಸ್ಟೇಟಿನವರೇ ಯಾರಾದರೂ ಇದ್ದರೆ ಅವರಿಗೆ ಯೇಸುವಿನ ಬಗ್ಗೆ ಏನನ್ನಿಸುತ್ತದೆ ಯೋಚನೆ ಮಾಡಿ. ಎಫೆಸದವರಿಗೆ ಪೌಲ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ಹಳೆಯ ಸ್ವಭಾವ ತೆಗೆದು ಹಾಕಿ ಹೊಸದನ್ನು ಧರಿಸಿಕೊಳ್ಳಿ ಅಂದವನೇ ನಾಲ್ಕು ಸಾಲು ಬಿಟ್ಟು, ಕದಿಯುತ್ತಿದ್ದವನು ಇನ್ನು ಕದಿಯದಿರಲಿ, ಕೈಯಾರೆ ದುಡಿದು ಇಲ್ಲದವರಿಗೆ ಕೊಡಲಿ ಅಂದಿದ್ದಾನೆ. ಆ ಕೊಡುವುದು ಮೊದಲು ಆಗಲಿ, ಮೈಕು ಆಮೇಲೆ.

ಸಿಟ್ಟು ಮತ್ತು ಕುಡಿತದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಪ್ರಾರ್ಥನೆ ಬಿಡಬೇಡಿ, ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ. ಕುಡಿತ ದೇಹಕ್ಕೆ ಅಂಟಿಕೊಂಡ ರೋಗವೂ ಹೌದು, ಅದಕ್ಕೆ ಚಿಕಿತ್ಸೆ ಇದೆ. ಚಿಕಿತ್ಸೆ ತಗೊಳ್ಳುವುದು ನಂಬಿಕೆ ಕಡಿಮೆಯಾದ ಗುರುತಲ್ಲ. ಜಾರಿದ ದಿನ ಯಾರಿಗೆ ಫೋನ್ ಮಾಡಬೇಕು ಅಂತ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.

ಹೆಸರು ಬದಲಿಸಬೇಕಾಗಿಲ್ಲ. ಸೌಲ ಯೇಸುವನ್ನು ಕಂಡು ನಂಬಿದ ದಮಸ್ಕದ ದಾರಿಯಲ್ಲೇ ಪೌಲನಾದ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಹಾಗಿಲ್ಲ. ಆ ಘಟನೆ ಆಗಿ ಎಷ್ಟೋ ಕಾಲದ ಮೇಲೂ ಅವನು ಸೌಲನೇ. 13ನೇ ಅಧ್ಯಾಯದಲ್ಲಿ, ಪೌಲ ಅಂತಲೂ ಕರೆಸಿಕೊಳ್ಳುವ ಸೌಲ ಅಂತ ಬರುತ್ತದೆ, ಎರಡೂ ಅವನ ಹೆಸರೇ. ಕೊರಿಂಥದ ಬಂದರು ಕೆಂಖ್ರೆಯ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಫೊಯಿಬೆಯ ಹೆಸರು ಗ್ರೀಕರ ದೇವತೆಯ ಹೆಸರು. ರೋಮಿನ ಸಭೆಯಲ್ಲಿ ಹೆರ್ಮೆ ಇದ್ದ, ನೇರೆಯ ಇದ್ದ, ಅವೂ ಗ್ರೀಕ್ ದೇವರ ಹೆಸರುಗಳೇ. ಪೌಲ ಅವರಿಗೆ ವಂದನೆ ಹೇಳಿದ, ಹೆಸರು ಬದಲಿಸಿ ಅನ್ನಲಿಲ್ಲ. ನಿಮ್ಮವ್ವ ಇಟ್ಟ ಹೆಸರನ್ನು ಇಟ್ಟುಕೊಳ್ಳಿ.

ಅವ್ವನ ಅಳುವಿಗೆ ಕಾರಣ ಬೈಬಲ್ ಅಲ್ಲ ಅಂತ ನನಗನ್ನಿಸುತ್ತದೆ, ನೀವು ಹೋಗಿ ಬರುವುದು ಕಡಿಮೆ ಮಾಡಿರುವುದು. ಹೊಸ ಸೃಷ್ಟಿ ಆದವನು ಮಗನಾಗಿ ಇರುವುದನ್ನು ಬಿಡುವುದಿಲ್ಲ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅನ್ನುವ ಖಾರದ ಮಾತು ತಿಮೊಥೆಯನಿಗೆ ಬರೆದ ಮೊದಲನೇ ಪತ್ರದಲ್ಲಿದೆ. ತಂಗಿಯ ಮನೆ ಒಕ್ಕಲಿಗೆ ಹೋಗಿ. ಹಿಂದಿನ ದಿನವೇ ಹೋಗಿ, ಶಾಮಿಯಾನ ಹಾಕಲು, ಸಾಮಾನು ಇಳಿಸಲು ಒಂದು ಕೈ ಹಾಕಿ. ಪೂಜೆಗೆ ಕೂರಲು ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಮೊದಲೇ ಭಾವನ ಹತ್ತಿರ ಮೆತ್ತಗೆ ಹೇಳಿಬಿಡಿ, ಎಲ್ಲರ ಮುಂದೆ ಮುಖ ಸಿಂಡರಿಸಬೇಡಿ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಊಟ ಮಾಡಿ ಅಂತ ಪೌಲನೇ ಕೊರಿಂಥದವರಿಗೆ ಹೇಳಿದ್ದ. ಇದು ನೈವೇದ್ಯ ಅಂತ ಯಾರಾದರೂ ತಿಳಿಸಿದರೆ ಅವರ ಮನಸ್ಸಿಗಾಗಿ ಅದೊಂದನ್ನು ಬಿಡಿ ಅಂತಲೂ ಹೇಳಿದ್ದ.

ಒಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ಪುಸ್ತಕ ತೆರೆದ ಕೂಡಲೇ ಎದುರಾಗುತ್ತದೆ. ಹಣ್ಣು ಬಿಡಿಸಲು ಬಂದವರಲ್ಲಿ ಕೆಲವರು ಫಸಲು ಮುಗಿಸಿ ಊರಿಗೆ ಹೋಗಿರುತ್ತಾರೆ, ಅಸ್ಸಾಂ ಕಡೆಯವರೋ ತಮಿಳುನಾಡಿನವರೋ, ಮತ್ತೆ ಬಂದಿರುವುದಿಲ್ಲ. ಮೊದಲು ಮೇಸ್ತ್ರಿಯ ಹತ್ತಿರ ಅವರ ನಂಬರು ಕೇಳಿ, ಸಿಕ್ಕಿದರೆ ಫೋನಿನಲ್ಲೇ ವಿಷಯ ಹೇಳಿ ದುಡ್ಡು ಕಳಿಸಿ. ಸಿಗದವರ ಪಾಲನ್ನು ಮಾತ್ರ ನೀವೇ ಇಟ್ಟುಕೊಳ್ಳುವ ಹಾಗಿಲ್ಲ. ಪಡೆಯಬೇಕಾದವನೂ ಇಲ್ಲ, ಅವನ ಹತ್ತಿರದ ಬಂಧುವೂ ಇಲ್ಲ ಅಂದರೆ ಆ ಹಣ ದೇವರಿಗೆ ಸೇರಬೇಕು ಅಂತ ಬೈಬಲಿನ ಅರಣ್ಯಕಾಂಡ 5ರಲ್ಲಿದೆ, ಆ ಕಾಲದಲ್ಲಿ ಅದು ಯಾಜಕನ ಕೈಗೆ ಹೋಗುತ್ತಿತ್ತು. ನನ್ನನ್ನು ಕೇಳಿದರೆ, ಸಭೆಯ ಪೆಟ್ಟಿಗೆಗಿಂತ ನಿಮ್ಮದೇ ಲೈನಿನಲ್ಲಿ ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದ ಕೂಲಿಯವರ ಮನೆಗೆ ಆ ದುಡ್ಡು ಹೋಗಲಿ. ಅವರು ಯಾವ ಜಾತಿ, ಯಾವ ಧರ್ಮ ಅಂತ ಕೇಳಬೇಡಿ, ಕೊಟ್ಟದ್ದು ನೀವು ಅಂತ ಹೇಳಲೂ ಬೇಡಿ.